ಕೇಸರಿ ಇಲ್ಲದ ರೋಟ್

ಮೊಹರಂ ತಿಂಗಳಲ್ಲಿ ನಮ್ಮ ಬೀದರ್ ಸೀಮೆಯ ಅನೇಕ ಮುಸ್ಲಿಂ ಮನೆಗಳಲ್ಲಿ ರೋಟ್ ಸುಡುತ್ತಾರೆ. ಅದನ್ನು ಮಾಡಬೇಕೋ ಬಾರದೋ ಎಂಬ ಚರ್ಚೆ ಬೇರೆ. ಅದರ ರುಚಿಯ ವಿಷಯದಲ್ಲಿ ಮಾತ್ರ ಎರಡು ಕಡೆಯವರಿಗೂ ಭಿನ್ನಾಭಿಪ್ರಾಯ ಇದ್ದುದನ್ನು ನಾನು ಕಂಡಿಲ್ಲ. ರವೆ, ಮೈದಾ, ತುಪ್ಪ, ಸಕ್ಕರೆ, ಖೋವಾ, ಬಾದಾಮಿ, ಏಲಕ್ಕಿ ಎಲ್ಲವನ್ನೂ ಹಾಲಿನಲ್ಲಿ ಗಟ್ಟಿಯಾಗಿ ಕಲಸಿ ಅಂಗೈ ಅಗಲದ ಬಿಲ್ಲೆಗಳನ್ನು ತಟ್ಟುತ್ತಾರೆ. ಪಟ್ಟಣದವರು ಹಿಟ್ಟು, ತುಪ್ಪ ಒಯ್ದು ಬೇಕರಿಯ ಭಟ್ಟಿಯಲ್ಲಿ ಸುಡಿಸಿಕೊಂಡು ಬರುತ್ತಾರೆ. ನಮ್ಮ ಖಟಕ ಚಿಂಚೋಳಿಯ ಮನೆಯಲ್ಲಿ ದಪ್ಪ ತಳದ ದೇಗ್ಚಿಯೇ ಭಟ್ಟಿ. ಒಳಗೆ ತಟ್ಟೆಯಲ್ಲಿ ರೋಟ್, ಕೆಳಗೆ ಸಣ್ಣ ಉರಿ, ಮುಚ್ಚಳದ ಮೇಲೆ ಹರಡಿದ ಕೆಂಡ. ಇದಕ್ಕೆ ದಮ್ ಎಂದು ಹೆಸರು.

ನಾನು ಐದನೆಯದೋ ಆರನೆಯದೋ ಓದುತ್ತಿದ್ದ ವರ್ಷ, ಹೈದರಾಬಾದಿನಿಂದ ಅಮ್ಮಿಯ ಖಾಲಾ ಬರುವವರಿದ್ದರು. ಹಿಟ್ಟು ಕಲಸುವ ಹೊತ್ತಿಗೆ ನೋಡಿದರೆ ಕೇಸರಿಯ ಪುಟ್ಟ ಡಬ್ಬಿ ಖಾಲಿ. ನನ್ನನ್ನು ಕಿರಾಣಿ ಅಂಗಡಿಗೆ ಓಡಿಸಿದರು. ಅಂಗಡಿಯವರು ನಕ್ಕು, ‘ಜಾಫ್ರಾನ್ ಇಲ್ಲೆಲ್ಲಿ ಸಿಗಬೇಕಪ್ಪಾ’ ಎನ್ನುತ್ತ ಕಿತ್ತಳೆ ಬಣ್ಣದ ಪುಡಿಯ ಒಂದು ಚಿಕ್ಕ ಪೊಟ್ಟಣ ಕೊಟ್ಟರು. ನಾನು ಅದನ್ನು ತಂದು ಅಮ್ಮಿಯ ಕೈಗೆ ಕೊಡುವ ಮೊದಲೇ ದಾದಿಮಾ ಕಸಿದುಕೊಂಡು ಒಲೆಯ ಬೂದಿಗೆ ಸುರಿದುಬಿಟ್ಟರು. ತಮ್ಮ ಟ್ರಂಕಿನಿಂದ ಬಟ್ಟೆಯ ಗಂಟೊಂದನ್ನು ತೆಗೆದರು. ಅದರಲ್ಲಿ ಒಣಗಿದ ಕೆಂಪು ಎಸಳುಗಳಿದ್ದವು. ಒಂದು ಚಿಟಿಕೆಯನ್ನು ಉಗುರುಬೆಚ್ಚಗಿನ ಹಾಲಿಗೆ ಹಾಕಿದ ಕೂಡಲೇ ಹಾಲು ಹಳದಿಯಾಯಿತು. ಅಮ್ಮಿ ಏಲಕ್ಕಿಯ ಪ್ರಮಾಣ ಹೆಚ್ಚಿಸಿದರು, ಜಾಯಿಕಾಯಿಯನ್ನೂ ತುಸು ತೇಯ್ದು ಹಾಕಿದರು.

ಖಾಲಾ ರೋಟ್ ಮುರಿದು ಬಾಯಿಗಿಟ್ಟು, ‘ಜಾಫ್ರಾನ್ ಒಳ್ಳೆಯದು ಹಾಕಿದ್ದೀರಿ’ ಎಂದರು. ಅಮ್ಮಿ ಸುಮ್ಮನೆ ಮುಗುಳ್ನಕ್ಕರು. ಮೂಲೆಯಲ್ಲಿ ಕೂತಿದ್ದ ದಾದಿಮಾ ಮಾತ್ರ ಸುಮ್ಮನಿರಲಿಲ್ಲ. ‘ಜಾಫ್ರಾನ್ ನೈ ಆಪಾ, ಕರ್ಡಿ ಕಾ ಫೂಲ್ ಹೈ’ ಎಂದುಬಿಟ್ಟರು. ಅಮ್ಮಿಯ ಮುಖ ಕೆಂಪಾಯಿತು. ದಾದಿಮಾಗೆ ಆ ಮಾತನ್ನು ಹೇಳಲೇಬೇಕಾದ ಅಗತ್ಯ ಏನಿತ್ತು ಎಂದು ಅಂದು ನನಗೂ ಅನ್ನಿಸಿತ್ತು.

ಬೀದರಿಗೆ ಕೇಸರಿ ಎಲ್ಲಿಂದಲೋ ಬರಬೇಕಾದ ಸರಕು. ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿ 15ನೇ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ ಇರಾನಿನ ಜನ, ಭಾಷೆ, ಕಟ್ಟಡದ ಹೆಂಚು, ಅಡುಗೆಯ ಅಭಿರುಚಿ ಎಲ್ಲವೂ ಇಲ್ಲಿ ಬೇರು ಬಿಟ್ಟವು. 1472ರಲ್ಲಿ ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಕ್ಯಾಸ್ಪಿಯನ್ ತೀರದ ಗೀಲಾನಿನವನು. 1453ರಲ್ಲಿ ಕೊಂಕಣದ ದಾಭೋಳ ಬಂದರಿನಲ್ಲಿ ವ್ಯಾಪಾರಿಯಾಗಿ ಬಂದಿಳಿದವನು. ರಷ್ಯಾದ ವರ್ತಕ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಬೀದರಿಗೆ ಬಂದದ್ದೂ ಹೊರ್ಮುಜ್‌ನಿಂದ ಚೌಲ್ ಬಂದರಿನ ಮೂಲಕವೇ. ಮಾರಲು ಒಂದು ಕುದುರೆಯನ್ನು ಜೊತೆಗೆ ತಂದಿದ್ದ. ಅದಾದ ಕೆಲವೇ ದಶಕಗಳಿಗೆ, 16ನೇ ಶತಮಾನದ ಆರಂಭದಲ್ಲಿ, ಪೋರ್ಚುಗೀಸ್ ಬರಹಗಾರ ದುಆರ್ತೆ ಬಾರ್ಬೋಸಾ ಅರಬ್ಬರ ಹಡಗುಗಳು ಕಲ್ಲಿಕೋಟೆಗೆ ತರುತ್ತಿದ್ದ ಸರಕುಗಳಲ್ಲಿ ತಾಮ್ರ, ಪಾದರಸ, ಹವಳಗಳ ಜೊತೆ ಕೇಸರಿಯನ್ನೂ ಗುಲಾಬಿ ನೀರನ್ನೂ ಹೆಸರಿಸುತ್ತಾನೆ. ಹಡಗು ಬಂದರೆ ಉಂಟು, ಬಾರದಿದ್ದರೆ ಇಲ್ಲ.

ಬಂದಾಗ ಎಷ್ಟು ಬಳಸುತ್ತಿದ್ದರು? ಅಕ್ಬರನ ಕಾಲದ ಲೆಕ್ಕವೊಂದು ನಮ್ಮ ಬಳಿ ಇದೆ. ಅಬುಲ್ ಫಜಲ್ ‘ಆಯಿನೆ ಅಕ್ಬರಿ’ಯಲ್ಲಿ ಜರ್ದ್ ಬಿರಿಂಜ್, ಅಂದರೆ ನಾವು ಇಂದು ಜರ್ದಾ ಎನ್ನುವ ಹಳದಿ ಸಿಹಿಯನ್ನದ ಅಳತೆ ಕೊಟ್ಟಿದ್ದಾನೆ. 10 ಸೇರು ಅಕ್ಕಿ, 5 ಸೇರು ಕಲ್ಲುಸಕ್ಕರೆ, ಮೂರೂವರೆ ಸೇರು ತುಪ್ಪ. ಕೇಸರಿ ಒಂದೂವರೆ ದಾಮ್ ತೂಕ. ಅಕ್ಬರಿ ಸೇರಿಗೆ 30 ದಾಮ್ ತೂಕ ಎಂದು ಹಿಡಿದರೆ, ಅಕ್ಕಿಯ ಇನ್ನೂರರಲ್ಲಿ ಒಂದು ಪಾಲು ಕೇಸರಿ. ಇಂದಿನ ಲೆಕ್ಕದಲ್ಲಿ ಕಿಲೋ ಅಕ್ಕಿಗೆ 5 ಗ್ರಾಂ. ಒಂದು ಗ್ರಾಮಿನ ಡಬ್ಬಿಯನ್ನು ಎರಡು ಈದ್‌ಗಳಿಗೆ ಹೊಂದಿಸುವ ನಮ್ಮಂಥವರಿಗೆ ಇದನ್ನು ಓದಿದರೆ ತಲೆ ತಿರುಗುತ್ತದೆ. ಅದೇ ಗ್ರಂಥದ ಬೆಲೆಪಟ್ಟಿಯಲ್ಲಿ ಕೇಸರಿ ಸೇರಿಗೆ 400 ದಾಮ್, ಏಲಕ್ಕಿ 52, ಅರಿಶಿನ 10. ಬಾದಶಹನ ಅಡುಗೆಮನೆಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಅವನ ಸಿಪಾಯಿಯ ಮನೆಗೆ ಇತ್ತು. ಒಂದು ಕಿಲೋ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂವುಗಳ ಶಲಾಕೆಯನ್ನು ಕೈಯಿಂದಲೇ ಬಿಡಿಸಬೇಕು ಎಂಬುದನ್ನು ನೆನೆದರೆ ಆ ಬೆಲೆ ಅನ್ಯಾಯದ್ದೂ ಅಲ್ಲ.

ಹೀಗೆ ಇಲ್ಲದ ವಸ್ತುವಿನ ಜಾಗದಲ್ಲಿ ಇನ್ನೊಂದನ್ನು ಇಡುವುದಕ್ಕೆ ನಮ್ಮ ಹಿರಿಯರ ಬಳಿ ಒಂದು ಶಾಸ್ತ್ರವೇ ಇತ್ತು. ಅದರ ಹೆಸರು ‘ಬದಲ್’. ಈ ಪದ ಅರಬ್ಬಿಯಿಂದ ಉರ್ದುವಿಗೂ, ಅಲ್ಲಿಂದ ಕನ್ನಡದ ‘ಬದಲಿ’, ‘ಬದಲು’ಗೂ ಬಂದದ್ದು. ನಮ್ಮೂರ ಉರ್ದು ಶಾಲೆಯಲ್ಲಿ ಓದು ಕಲಿತ ಮೇಲೆ ಮನೆಯಲ್ಲಿದ್ದ ಒಂದು ಯುನಾನಿ ಪುಸ್ತಕವನ್ನು ತಡವರಿಸುತ್ತ ಓದುತ್ತಿದ್ದೆ. ಪ್ರತಿಯೊಂದು ಮೂಲಿಕೆಯ ಕೆಳಗೂ ಅದೇ ಸಾಲುಗಳು: ಗುಣ ಏನು, ಯಾರಿಗೆ ಮುಜಿರ್ ಅಂದರೆ ಹಾನಿಕರ, ಆ ಹಾನಿಯನ್ನು ಸರಿಪಡಿಸುವ ಮುಸ್ಲಿಹ್ ಯಾವುದು, ಕೊನೆಗೆ ಬದಲ್ ಯಾವುದು. ಇದು ಸಿಗದಿದ್ದರೆ ಅದನ್ನು ಕೊಡು ಎಂದು ಹಕೀಮನಿಗೆ ಸೂಚನೆ. ಗ್ರೀಕ್ ವೈದ್ಯ ಜಾಲೀನೂಸ್, ಅಂದರೆ ಗ್ಯಾಲೆನ್ ಹೆಸರಿನಲ್ಲಿ ಇಂಥದೊಂದು ಬದಲಿ ಔಷಧಿಗಳ ಪಟ್ಟಿ ಉಳಿದಿದೆ. ಹತ್ತನೇ ಶತಮಾನದ ಮೊದಲ ಭಾಗದಲ್ಲಿ ತೀರಿಕೊಂಡ ಅಬೂಬಕರ್ ಅಲ್ ರಾಜಿ ಬದಲಿ ಔಷಧಿಗಳ ಮೇಲೆಯೇ ಪ್ರತ್ಯೇಕ ಪುಸ್ತಕ ಬರೆದ.

ಆಯುರ್ವೇದದಲ್ಲಿಯೂ ಇದೇ ವಿಚಾರ ಉಂಟು. ಅಲ್ಲಿ ಅದು ‘ಅಭಾವ ಪ್ರತಿನಿಧಿ ದ್ರವ್ಯ’. ಅಭಾವದಲ್ಲಿ ಪ್ರತಿನಿಧಿಯಾಗಿ ನಿಲ್ಲುವ ವಸ್ತು. ಎಂಥ ಒಳ್ಳೆಯ ಹೆಸರು! 16ನೇ ಶತಮಾನದ ಭಾವಮಿಶ್ರ ತನ್ನ ‘ಭಾವಪ್ರಕಾಶ’ದಲ್ಲಿ ಇಂಥ ಪ್ರತಿನಿಧಿಗಳ ಪಟ್ಟಿ ಕೊಟ್ಟಿದ್ದಾನೆ. ಕಸ್ತೂರಿ ಇಲ್ಲದಿದ್ದರೆ ಕಂಕೋಲ. ಕುಂಕುಮಕೇಸರಿ ಇಲ್ಲದಿದ್ದರೆ ಕುಸುಂಭದ ಹೊಸ ಹೂವು. ಈ ಕುಸುಂಭ ಬೇರೆ ಯಾವುದೂ ಅಲ್ಲ, ಕನ್ನಡದ ಕುಸುಬೆ. ನಮ್ಮ ಕಡೆ ಮರಾಠಿಯ ನೆರಳಿನಲ್ಲಿ ಕರ್ಡಿ ಎನ್ನುತ್ತೇವೆ. (ಮೈಸೂರು ಕಡೆಯ ಗೆಳೆಯರೊಬ್ಬರಿಗೆ ‘ಮನೆಯಲ್ಲಿ ಕರ್ಡಿ ಎಣ್ಣೆ ಬಳಸುತ್ತೇವೆ’ ಎಂದಾಗ ಅವರು ಬೆಚ್ಚಿಬಿದ್ದಿದ್ದರು.) ದಾದಿಮಾ ಸಂಸ್ಕೃತ ಓದಿದವರಲ್ಲ, ಅವರಿಗೆ ಉರ್ದು ಅಕ್ಷರವೂ ಅಷ್ಟಕ್ಕಷ್ಟೇ. ಆದರೆ ಅವರ ಟ್ರಂಕಿನ ಗಂಟು ಮತ್ತು ಭಾವಮಿಶ್ರನ ಪಟ್ಟಿ ಒಂದೇ ಮಾತು ಹೇಳುತ್ತಿದ್ದವು.

ಭಾಲ್ಕಿ, ಔರಾದ್ ಕಡೆಯ ಕಪ್ಪು ನೆಲ ಕುಸುಬೆಗೆ ಹೇಳಿ ಮಾಡಿಸಿದಂಥದ್ದು. ಮಳೆ ನಿಂತ ಮೇಲೆ ನೆಲದಲ್ಲಿ ಉಳಿದ ತೇವದ ಮೇಲೆಯೇ ಬೆಳೆಯುತ್ತದೆ, ಬೇರು ಆಳಕ್ಕೆ ಇಳಿಯುತ್ತದೆ. ಎಲೆಗಳಲ್ಲಿ ಮುಳ್ಳು. ಅದಕ್ಕೇ ಹಿಂಗಾರಿ ಜೋಳದ ಹೊಲಕ್ಕೆ ಸುತ್ತಲೂ ನಾಲ್ಕು ಸಾಲು ಕುಸುಬೆ ಬಿತ್ತುತ್ತಿದ್ದರು, ದನ ಒಳಗೆ ನುಗ್ಗುತ್ತಿರಲಿಲ್ಲ. ಹೂವು ಅರಳುವಾಗ ಹಳದಿ, ಬಾಡುತ್ತ ಬಂದಂತೆ ಕಿತ್ತಳೆ, ಆಮೇಲೆ ಕೆಂಪು. ಎಣ್ಣೆಗಾಗಿ ಬೆಳೆ ಎಂದು ನಾವು ತಿಳಿದಿದ್ದೇವೆ. ಚರಿತ್ರೆಯಲ್ಲಿ ಅದರ ಬೆಲೆ ಇದ್ದದ್ದು ಎಣ್ಣೆಯಷ್ಟೇ ಹೂವಿಗೆ. ಹೂವಿನಲ್ಲಿ ಎರಡು ಬಣ್ಣಗಳಿವೆ. ಹಳದಿ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಕೆಂಪು, ಅಂದರೆ ಕಾರ್ಥಮಿನ್, ಸಾದಾ ನೀರಿಗೆ ಬಗ್ಗುವುದಿಲ್ಲ. ರಂಗರೇಜರು ಮೊದಲು ಹಳದಿಯನ್ನು ತೊಳೆದು ಚೆಲ್ಲಿ, ಆಮೇಲೆ ಕ್ಷಾರದ ನೀರಿನಲ್ಲಿ ಕೆಂಪನ್ನು ಬಿಡಿಸಿ, ನಿಂಬೆಯಂಥ ಹುಳಿ ಹಾಕಿ ಬಟ್ಟೆಗೆ ಹಿಡಿಸುತ್ತಿದ್ದರು. ರಂಗರೇಜರು ಚೆಲ್ಲುತ್ತಿದ್ದ ಆ ಹಳದಿಯೇ ಅಡುಗೆಮನೆಗೆ ಬೇಕಾದದ್ದು.

ಆದರೆ ಪ್ರತಿನಿಧಿ ಎಂದೂ ಪೂರ್ತಿ ಒಡೆಯನಾಗುವುದಿಲ್ಲ. ಕೇಸರಿಯೊಳಗೆ ಮೂರು ಬೇರೆ ಬೇರೆ ಸಂಗತಿಗಳಿವೆ: ಬಣ್ಣ ಕೊಡುವ ಕ್ರೋಸಿನ್, ನಾಲಿಗೆಗೆ ತುಸು ಕಹಿ ತರುವ ಪಿಕ್ರೋಕ್ರೋಸಿನ್, ಒಣಗಿಸುವಾಗ ಅದರಿಂದಲೇ ಹುಟ್ಟುವ ಸುವಾಸನೆಯ ಸ್ಯಾಫ್ರನಾಲ್. ಕುಸುಬೆ ಇವುಗಳಲ್ಲಿ ಬಣ್ಣವೊಂದಕ್ಕೇ ಪ್ರತಿನಿಧಿ. ಉಳಿದದ್ದಕ್ಕೆ ಏಲಕ್ಕಿ, ಜಾಯಿಕಾಯಿ, ಒಡಿಶಾದ ಗಂಜಾಮಿನ ಕೇವಡಾ ನೀರು ಇಂಥವನ್ನು ಕರೆಯಬೇಕು. ಒಂದರ ಜಾಗಕ್ಕೆ ಇಬ್ಬರು. ಅಮ್ಮಿ ಅಂದು ಮಾಡಿದ್ದೂ ಅದನ್ನೇ. ಭಟ್ಟಿಯ ಬಿಸಿಯಲ್ಲಿ ನಾಜೂಕಿನ ಪರಿಮಳ ಹಾರಿಹೋಗುವುದರಿಂದ ಕೇವಡಾ, ಗುಲಾಬಿ ನೀರುಗಳನ್ನು ಹಿಟ್ಟಿಗೆ ಬೆರೆಸದೆ, ಸುಟ್ಟು ಇಳಿಸಿದ ಮೇಲೆ ಬಿಸಿ ರೋಟಿನ ಮೇಲೆ ಚಿಮುಕಿಸುವುದು ಒಳ್ಳೆಯದು. ಕೆಲವರು ಬಣ್ಣಕ್ಕೆ ಅರಿಶಿನ ಹಾಕುತ್ತಾರೆ. ಸೋಡಾ ಹಾಕಿದ ಹಿಟ್ಟಿಗೆ ಅರಿಶಿನ ಬಿದ್ದರೆ ಕ್ಷಾರಕ್ಕೆ ಕೆಂಪಾಗುತ್ತದೆ, ನಾನ್ ಖತಾಯಿಯ ಮೇಲೆ ಇಟ್ಟಿಗೆ ಬಣ್ಣದ ಕಲೆಗಳು ಏಳುತ್ತವೆ. ಇದನ್ನು ನಮ್ಮ ಮನೆಯಲ್ಲಿ ಒಮ್ಮೆ ಕಂಡು ಎಲ್ಲರೂ ನಕ್ಕಿದ್ದೇವೆ. ಇನ್ನೊಂದು ಮಾತು: ಕುಸುಬೆ ಹೂವಿಗೆ ಯುನಾನಿಯಲ್ಲೂ ಚೀನೀ ವೈದ್ಯದಲ್ಲೂ ಮುಟ್ಟು ತರಿಸುವ ಔಷಧಿ ಎಂಬ ಹೆಸರಿದೆ, ಬಸುರಿಯರ ರೋಟಿಗೆ ಅದು ಬೇಡ.

ಇನ್ನು ಬದಲಿಯ ಕಪ್ಪು ಮುಖ. ಒಂಬತ್ತನೇ ಶತಮಾನದ ದಾರ್ಶನಿಕ ಅಲ್ ಕಿಂದಿ ಸುಗಂಧಗಳ ಮೇಲೆ ಬರೆದ ಪುಸ್ತಕದಲ್ಲಿ ಬಟ್ಟಿ ಇಳಿಸುವ ಕ್ರಮಗಳ ಜೊತೆಗೆ, ನಕಲಿ ಕಸ್ತೂರಿ, ನಕಲಿ ಅಂಬರ್, ನಕಲಿ ಕೇಸರಿ ಮಾಡುವ ವಿಧಾನಗಳೂ ಇವೆ. 12ನೇ ಶತಮಾನದ ಸಿರಿಯಾದಲ್ಲಿ ಅಲ್ ಶೈಜರಿ ಎಂಬಾತ ಮುಹ್ತಸಿಬರಿಗಾಗಿ, ಅಂದರೆ ಸಂತೆಪೇಟೆಯ ಮೇಲ್ವಿಚಾರಕರಿಗಾಗಿ ಕೈಪಿಡಿ ಬರೆದ. ಕೋಳಿಯ ಎದೆಮಾಂಸವನ್ನು ಬೇಯಿಸಿ, ಎಳೆಎಳೆಯಾಗಿ ಸಿಗಿದು, ಕೇಸರಿಯ ನೀರಿನಲ್ಲಿ ಅದ್ದಿ ಒಣಗಿಸಿ ಕೇಸರಿಯೊಡನೆ ಬೆರೆಸುವ ವ್ಯಾಪಾರಿಗಳಿದ್ದಾರೆ, ಎಚ್ಚರ ಎಂದು ಅದರಲ್ಲಿದೆ. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ 1444ರಲ್ಲಿ ಕಲಬೆರಕೆ ಕೇಸರಿ ಮಾರಿದವನನ್ನು ಅವನ ಸರಕಿನ ಜೊತೆಗೇ ಸುಟ್ಟರು. ಮುಹ್ತಸಿಬರ ಶಿಕ್ಷೆ ಅಷ್ಟು ಘೋರವಲ್ಲ. ಅವರಿಗೆ ಆಧಾರವಾಗಿದ್ದದ್ದು ಪ್ರವಾದಿ(ಸ)ಯವರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಅಡಿಯಲ್ಲಿದ್ದ ಒದ್ದೆ ಕಾಳು ತಗುಲಿದಾಗ, ಇದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಕೇಳಿದ ಪ್ರಸಂಗ. ಕಾಳು ಒದ್ದೆಯಾದದ್ದು ಮಳೆಯಿಂದ. ತಪ್ಪು ಮಳೆಯದಲ್ಲ, ಮುಚ್ಚಿಟ್ಟದ್ದರದು.

ಕೋಳಿ ಎದೆಮಾಂಸಕ್ಕೂ ಕುಸುಬೆ ಎಸಳಿಗೂ ಇರುವ ವ್ಯತ್ಯಾಸ ವಸ್ತುವಿನಲ್ಲಿ ಇಲ್ಲ ಎಂದೇ ನನಗೆ ತೋರುತ್ತದೆ. ಏಕೆಂದರೆ ಅದೇ ಕುಸುಬೆ ಎಸಳನ್ನು ಕೇಸರಿಗೆ ಬೆರೆಸಿ ಮಾರುವ ವಂಚನೆಯೂ ಬಹು ಹಳೆಯದು. ಹೆಸರು ಹೇಳಿ ಕೊಟ್ಟರೆ ಬದಲ್, ಹೇಳದೆ ಕೊಟ್ಟರೆ ಧೋಕಾ. ಮಹಮೂದ್ ಗವಾನನ ಪ್ರಾಣ ಹೋದದ್ದೂ ಇಂಥದೇ ಒಂದು ಕಲಬೆರಕೆಯಿಂದ. ಅವನ ಮುದ್ರೆ ಕಾಯುವವನನ್ನು ವಿರೋಧಿಗಳು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಮೊಹರು ಒತ್ತಿಸಿದರು. ಆಮೇಲೆ ಅದರಲ್ಲಿ ಒಡಿಶಾದ ದೊರೆಗೆ ದ್ರೋಹದ ಪತ್ರ ತುಂಬಿದರು. ಮೊಹರು ಅಸಲಿ, ಒಳಗಿನದು ನಕಲಿ. 1481ರಲ್ಲಿ ಸುಲ್ತಾನ ವಿಚಾರಣೆಯಿಲ್ಲದೆ ಅವನ ತಲೆ ತೆಗೆಸಿದ.

ದಾದಿಮಾ ಆ ಗಂಟನ್ನು ಟ್ರಂಕಿನಲ್ಲಿ ಇಡಲು ಶುರುಮಾಡಿದ್ದು ಯಾವಾಗ ಎಂದು ನಾನು ದೊಡ್ಡವನಾದ ಮೇಲೆ ಕೇಳಿದೆ. ‘ಪೊಲೀಸ್ ಆ್ಯಕ್ಷನ್ ಸಾಲ್’ ಎಂದರು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಸೇನೆ ಶರಣಾಯಿತು. ಅದಕ್ಕೆ ಮುಂಚೆ ರಜಾಕಾರರ ಕೈಯಲ್ಲಿ ನಮ್ಮದೇ ಜಿಲ್ಲೆಯ ಗೋರ್ಟಾದ ಜನ ಪಟ್ಟ ಪಾಡು ಮರೆಯುವಂಥದ್ದಲ್ಲ. ಅದರ ನಂತರ ಹಳ್ಳಿಗಳಲ್ಲಿ ಮುಸ್ಲಿಮರು ಪಟ್ಟ ಪಾಡನ್ನು ನೋಡಿ ಬರಲು ಕೇಂದ್ರ ಸರಕಾರ ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರಿದ್ದ ತಂಡವನ್ನು ಕಳಿಸಿತ್ತು. ಅತಿ ಹೆಚ್ಚು ಹಾನಿಗೊಳಗಾದವು ಎಂದು ಆ ತಂಡ ಗುರುತಿಸಿದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಗುಲಬರ್ಗಾ, ನಾಂದೇಡ್ ಜೊತೆಗೆ ಬೀದರ್ ಕೂಡ ಇದೆ. ತಿಂಗಳು ತುಂಬುವ ಮೊದಲೇ ಬಕ್ರೀದ್ ಬಂತು. ಆಗ ದಾದಿಮಾಗೆ ಹದಿನೆಂಟರ ಪ್ರಾಯ, ಹೊಸ ಸೊಸೆ. ಹೈದರಾಬಾದಿನಿಂದ ಸಾಮಾನು ತರುವ ಗಂಡಸರು ಮನೆಯಲ್ಲಿರಲಿಲ್ಲ. ಅವರ ಅತ್ತೆ ಪಕ್ಕದ ಲಿಂಗಾಯತರ ಮನೆಯ ಕಣಜದಲ್ಲಿ ಕೆಲವು ದಿನ ಅಡಗಿದ್ದು ವಾಪಸು ಬಂದವರು. ಆ ಮನೆಯ ಯಜಮಾನ್ತಿಯೇ ಹಬ್ಬದ ದಿನ ಒಂದು ಸೇರು ಅಕ್ಕಿ, ಬೆಲ್ಲ, ಒಂದು ಹಿಡಿ ಒಣ ಕರ್ಡಿ ಹೂವು ತಂದುಕೊಟ್ಟರಂತೆ. ‘ನಿಮ್ಮ ಅನ್ನ ಹಳದಿ ಇರಬೇಕಲ್ಲವ್ವಾ’ ಎಂದರಂತೆ. ಬೆಲ್ಲ ಹಾಕಿದ ಮೇಲೆ ಅನ್ನ ಹಳದಿ ಎಲ್ಲಿ ಕಾಣಬೇಕು, ಕಂದಾಯಿತು. ಆದರೂ ಹಾಕಿದೆವು ಎನ್ನುತ್ತಿದ್ದರು ದಾದಿಮಾ. ಖಾಲಾ ಎದುರು ಅವರು ಸುಮ್ಮನಿರದೆ ಹೋದದ್ದು ಏಕೆ ಎಂಬುದು ನನಗೆ ತಿಳಿದದ್ದು ಆ ದಿನ. ಆ ಹೂವನ್ನು ಜಾಫ್ರಾನ್ ಎಂದು ಕರೆದರೆ ಕೊಟ್ಟವರ ಹೆಸರು ಅಳಿಸಿದಂತೆ.

ಕಿರಾಣಿ ಅಂಗಡಿಯ ಆ ಪೊಟ್ಟಣದ ಚರಿತ್ರೆ ಇನ್ನೊಂದು ದಾರಿಯಲ್ಲಿ ಬಂದಿದೆ. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಕೋಲ್‌ಟಾರಿನಿಂದ ಬಂದ ವಸ್ತುವಿನಲ್ಲಿ ನೇರಳೆ ಬಣ್ಣ ಕಂಡುಹಿಡಿದ. 1884ರಲ್ಲಿ ಟಾರ್ಟ್ರಜಿನ್ ಎಂಬ ಹಳದಿ ಬಂತು. ಅದುವರೆಗೆ ಬಂಗಾಳದಿಂದ ಲಂಡನ್ನಿಗೆ ಹೋಗುತ್ತಿದ್ದ ಢಾಕಾದ ಕುಸುಬೆ ಹೂವಿನ ವ್ಯಾಪಾರ ಈ ಅಗ್ಗದ ಬಣ್ಣಗಳ ಎದುರು ನಿಲ್ಲಲಿಲ್ಲ. ಟಾರ್ಟ್ರಜಿನ್‌ನಂಥ ಕೆಲವಕ್ಕೆ ನಿಗದಿತ ತಿನಿಸುಗಳಲ್ಲಿ, ನಿಗದಿತ ಮಿತಿಯಲ್ಲಿ ಕಾನೂನಿನ ಅನುಮತಿ ಇದೆ. ಮೆಟನಿಲ್ ಯೆಲ್ಲೊಗೆ ಯಾವ ತಿನಿಸಿನಲ್ಲೂ ಇಲ್ಲ. ಸಂತೆಯ ಬಿಡಿ ಪೊಟ್ಟಣದ ಮೇಲೆ ಒಳಗಿರುವುದು ಯಾವುದು ಎಂದು ಬರೆದಿರುವುದಿಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಯಲ್ಲಿ ಕೃತಕ ಬಣ್ಣ ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಇರಬಾರದ ಬಣ್ಣ ಸಿಕ್ಕಿತ್ತು. ಜೂನ್‌ನಲ್ಲಿ ಕಬಾಬಿಗೂ ನಿಷೇಧ ಬಂತು. ನಮ್ಮ ದಾವತ್‌ಗಳ ಜರ್ದಾದ ದೇಗಿನ ಕಡೆ ಯಾರೂ ಇನ್ನೂ ಕಣ್ಣು ಹಾಯಿಸಿದಂತಿಲ್ಲ. ಮದುವೆಗಳಲ್ಲಿ ಅನ್ನದ ಒಂದು ಕಡೆ ಹಳದಿ, ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು ಸುರಿಯುವುದನ್ನು ನೋಡುತ್ತೇನೆ. ಹಸಿರು ಯಾವ ಕೇಸರಿಯ ಬದಲ್ ಎಂದು ಬಾವರ್ಚಿಯನ್ನು ಕೇಳಿದರೆ ಅವನು ನನ್ನನ್ನೇ ವಿಚಿತ್ರವಾಗಿ ನೋಡುತ್ತಾನೆ.

ಬೇಕರಿಯ ಕೇಕಿನ ಕಥೆಯೂ ಹೆಚ್ಚು ಭಿನ್ನವಲ್ಲ. ವೆನಿಲ್ಲಾ ಬಳ್ಳಿಯ ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡುವ ಸುಲಭ ವಿಧಾನ ತೋರಿಸಿದ್ದು 1841ರಲ್ಲಿ, ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಬಾಲಕ. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಪೈನ್ ಮರದ ರಸದಿಂದ ಅದರ ಮುಖ್ಯ ಪರಿಮಳ ವೆನಿಲಿನ್ ತಯಾರಿಸಿದರು. ಮುಂದೆ ಕಾಗದ ಕಾರ್ಖಾನೆಯ ತ್ಯಾಜ್ಯದಿಂದಲೂ ಬಂತು. ಈ ಬದಲಿ ಅಸಲಿ ಬೆಳೆದವರನ್ನೇ ಹೊಡೆದದ್ದನ್ನು ಕರಾವಳಿ, ಮಲೆನಾಡಿನ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ವೆನಿಲ್ಲಾ ಬೆಲೆ ಏರಿದಾಗ ಅಡಿಕೆ ತೋಟಗಳಲ್ಲೆಲ್ಲ ಬಳ್ಳಿ ಹಬ್ಬಿತು. 2003ರ ಸುಮಾರಿಗೆ ಹಸಿ ಕೋಡಿನ ಬೆಲೆ ಕಿಲೋಗೆ 3000 ರೂಪಾಯಿ ದಾಟಿತ್ತು. ಮಡಗಾಸ್ಕರ್ ಚೇತರಿಸಿಕೊಂಡಿತು, ದುಬಾರಿ ವೆನಿಲ್ಲಾ ಕೊಳ್ಳುತ್ತಿದ್ದ ಕಂಪನಿಗಳು ಕೃತಕಕ್ಕೆ ಹೊರಳಿದ್ದವು, ಒಂದೆರಡು ವರ್ಷದಲ್ಲಿ ಕೋಡು ಕೇಳುವವರಿಲ್ಲವಾದರು. ಇಂದು ನಮ್ಮ ಬೇಕರಿಗಳ ‘ವೆನಿಲ್ಲಾ ಕೇಕ್’ನಲ್ಲಿ ಸಾಮಾನ್ಯವಾಗಿ ವೆನಿಲ್ಲಾ ಕೋಡು ಇರುವುದಿಲ್ಲ. ಅಮೆರಿಕದಲ್ಲಿರುವ ಬಂಧುಗಳ ಪೇಚು ಬೇರೆ: ಅಲ್ಲಿ ಅಸಲಿ ವೆನಿಲ್ಲಾ ಸಾರಕ್ಕೆ ಕಾನೂನಿನ ಪ್ರಕಾರ ಕನಿಷ್ಠ ಶೇ. 35 ಆಲ್ಕೋಹಾಲ್ ಬೇಕು. ಅವರು ಏಲಕ್ಕಿ ಹಾಕಿ ಕೇಕ್ ಮಾಡುತ್ತಾರೆ, ಮಕ್ಕಳಿಗೆ ಅದೇ ಕೇಕಿನ ರುಚಿ.

ಕಳೆದ ವರ್ಷ ನನ್ನ ಮಗಳಿಗೆ ದಾದಿಮಾರ ರೋಟ್ ಮಾಡಿ ನೋಡಬೇಕೆನ್ನಿಸಿತು. ಕೇಸರಿ ಈಗ ಬೀದರಿನ ಅಂಗಡಿಗಳಲ್ಲಿ ಬೇಕಾದಷ್ಟಿದೆ, ಫೋನಿನಲ್ಲಿ ಹೇಳಿದರೆ ಮನೆಗೂ ಬರುತ್ತದೆ. ಸಿಗದೆ ಹೋದದ್ದು ಕರ್ಡಿ ಹೂವು. ಖಟಕ ಚಿಂಚೋಳಿಯ ಸುತ್ತ ಕಣ್ಣು ಹಾಯುವವರೆಗೂ ಸೋಯಾ, ಆಮೇಲೆ ಕಡಲೆ. ಮುಳ್ಳಿನ ಬೆಳೆ ಕೊಯ್ಯಲು ಆಳು ಸಿಗುವುದಿಲ್ಲ ಎಂದು ರೈತರು ಬಿಟ್ಟಿದ್ದಾರೆ. ಎರಡು ವಾರ ವಿಚಾರಿಸಿದ ಮೇಲೆ, ಜೋಳದ ಹೊಲವೊಂದರ ಬದುವಿಗೆ ಹಳೆಯ ಪದ್ಧತಿಯಂತೆ ಎರಡು ಸಾಲು ಉಳಿಸಿಕೊಂಡಿದ್ದ ಮುದುಕರೊಬ್ಬರು ಸಿಕ್ಕರು. ಬೆಳಿಗ್ಗೆ ಇಬ್ಬನಿ ಆರುವ ಮುನ್ನ, ಮುಳ್ಳು ಮೆತ್ತಗಿರುವಾಗಲೇ ಕೀಳಬೇಕು ಎಂದರು. ಅಪ್ಪ ಮಗಳು ಎರಡು ತಾಸು ಕಿತ್ತೆವು, ಬೆರಳೆಲ್ಲ ಚುಚ್ಚಿಸಿಕೊಂಡೆವು. ನೆರಳಿನಲ್ಲಿ ಒಣಗಿದ ಮೇಲೆ ಒಂದು ಹಿಡಿಯಾಯಿತು. ಮಗಳು ಗಾಜಿನ ಬಾಟಲಿಗೆ ತುಂಬಿ, ಕನ್ನಡದಲ್ಲಿ ಒಮ್ಮೆ, ಉರ್ದುವಿನಲ್ಲಿ ಒಮ್ಮೆ ‘ಕರ್ಡಿ ಹೂವು’ ಎಂದು ಚೀಟಿ ಅಂಟಿಸಿ ಕೇಸರಿ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದಾಳೆ.